ಬ್ರೇಕ್ ಆಯಿಲ್ ಮತ್ತು ಅಪ್ರಮಾದ

ಸಂಜೆ ಹೊತ್ತು ತೊಕ್ಕೊಟ್ಟಿನ ಮೇಲ್ಸೇತುವೆಯ ಕೆಳಗೆ ಸಾಲುಗಟ್ಟಿ ನಿಲ್ಲುವ ಕಾರುಗಳ ಹಿಂಬದಿ ಗಾಜು ನೋಡುತ್ತ ಹೋದರೆ ಈ ಊರು ಯಾರನ್ನೆಲ್ಲ ನಂಬಿದೆ ಎಂಬುದು ಗೊತ್ತಾಗುತ್ತದೆ. ಮುಟ್ಟಾಳೆ ಇಟ್ಟು ಕೋಲು ಹಿಡಿದ ಸ್ವಾಮಿ ಕೊರಗಜ್ಜ, ಕಟೀಲಿನ ಅಮ್ಮ, 786, ಉಳ್ಳಾಲ ದರ್ಗಾದ ಗುಂಬಜು, ಕನ್ನಡಿಗೆ ಜೋತುಬಿದ್ದ ಜಪಮಣಿ. ಒಂದು ಕಾರು ದೇರಳಕಟ್ಟೆಯ ಆಸ್ಪತ್ರೆಗೆ ಹೊರಟಿದ್ದರೆ, ಇನ್ನೊಂದು ತಲಪಾಡಿ ದಾಟಿ ಮಂಜೇಶ್ವರಕ್ಕೆ, ಮತ್ತೊಂದು ನೇತ್ರಾವತಿ ಸೇತುವೆ ದಾಟಿ ಮಂಗಳೂರಿಗೆ. ಆ ಸಾಲಿನಲ್ಲಿ ಹತ್ತು ಹನ್ನೆರಡು ವರ್ಷ ಹಳೆಯ ಸೆಡಾನ್‌ಗಳು ಇನ್ನೂ ಕಾಣುತ್ತವೆ: ಹೋಂಡಾ ಸಿಟಿ, ಹ್ಯುಂಡೈ ವೆರ್ನಾ, ಮಾರುತಿ ಸಿಯಾಜ್, ನಮ್ಮದೇ ಬಿಡದಿಯಲ್ಲಿ ತಯಾರಾದ ಟೊಯೋಟಾ ಇಟಿಯಾಸ್. ಎತ್ತರದ ಗಾಡಿಗಳ ಮೋಹ ಹೆಚ್ಚಿದ ಮೇಲೆ ಶೋರೂಮುಗಳಲ್ಲಿ ಸೆಡಾನ್ ಕಡಿಮೆಯಾಗಿರಬಹುದು. ಮನೆಗಳಲ್ಲಿ ಅದು ಉಳಿದಿದೆ. ಗಲ್ಫಿನಿಂದ ಬಂದವರ ಪೆಟ್ಟಿಗೆಗಳು ಡಿಕ್ಕಿಯಲ್ಲಿ ಹಿಡಿಯುತ್ತವೆ, ಮಂಡಿನೋವಿನ ಅಜ್ಜಿಗೆ ಹತ್ತಿಳಿಯಲು ಅದೇ ಸುಲಭ.

ಇಂಥ ಕಾರಿನ ಬಗ್ಗೆ ಮಾಲೀಕರು ಹೇಳುವ ದೊಡ್ಡ ಹೊಗಳಿಕೆ ಒಂದೇ: ಇಷ್ಟು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ. ಆ ನಂಬಿಕೆ ಯಾರ ಮೇಲಿನದು? ಕಂಪನಿಯ ಮೇಲೆಯೇ, ಗ್ಯಾರೇಜಿನವರ ಮೇಲೆಯೇ, ಹಿಂದಿನ ಗಾಜಿನಲ್ಲಿರುವ ದೈವದ ಮೇಲೆಯೇ? ಸರ್ವೀಸ್ ಪುಸ್ತಕಕ್ಕೆ ಸಂಬಂಧಿಸಿದ್ದೆಂದು ತೋರುವ ಈ ಪ್ರಶ್ನೆ ನಿಜದಲ್ಲಿ ಧರ್ಮದ್ದು. ಒಂದು ವಸ್ತುವನ್ನು ಮನೆಯಲ್ಲಿಟ್ಟುಕೊಂಡ ಮನುಷ್ಯನ ಮೇಲೆ ಯಾವ ಹೊಣೆ ಬೀಳುತ್ತದೆ, ಆ ಹೊಣೆಯನ್ನು ದೇವರಿಗೆ ಒಪ್ಪಿಸಿ ಸುಮ್ಮನಾಗಲು ಬರುತ್ತದೆಯೇ ಎಂದು ಈ ನೆಲದ ಧರ್ಮಗಳೆಲ್ಲ ಕೇಳಿಕೊಂಡಿವೆ. ಅವುಗಳ ಉತ್ತರ ಸ್ಟಿಕ್ಕರ್ ಅಂಟಿಸಿ ನಿಶ್ಚಿಂತರಾದವರ ಉತ್ತರವಲ್ಲ.

ದೈವದಿಂದಲೇ ಆರಂಭಿಸಬಹುದು. ತೊಕ್ಕೊಟ್ಟಿನಿಂದ ದೇರಳಕಟ್ಟೆಗೆ ಹೋಗುವ ದಾರಿಯಲ್ಲೇ ಕುತ್ತಾರು ಇದೆ, ಕೊರಗಜ್ಜನ ಆದಿಸ್ಥಳ. ಕಳೆದುಹೋದ ಕಾರಿನ ಕೀಲಿ ಸಿಗಲಿ ಎಂದು ಚಕ್ಕುಲಿ, ಎಲೆಯಡಿಕೆ ಹರಕೆ ಹೇಳಿಕೊಳ್ಳುವವರು ಎಲ್ಲ ಜಾತಿ, ಮತಗಳಲ್ಲೂ ಇದ್ದಾರೆ. ನಂಬಿದವರಿಗೆ ಇಂಬು ಕೊಡುವುದು ದೈವ ಎಂಬುದು ತುಳುನಾಡಿನ ಮಾತು. ಆದರೆ ಇಲ್ಲಿ ನಂಬುವುದೆಂದರೆ ಬರೀ ಕೈಮುಗಿಯುವುದಲ್ಲ. ದೈವವಿರುವ ಮನೆಯಲ್ಲಿ ಭಂಡಾರ ಶುದ್ಧವಾಗಿರಬೇಕು, ಸಂಕ್ರಮಣಕ್ಕೆ ದೀಪ ಹಚ್ಚಬೇಕು, ಕಾಲಕಾಲಕ್ಕೆ ಕೋಲ ನೇಮ ನಡೆಯಬೇಕು. ನಡೆಯದೆ ಹೋದರೆ ಮುಂದೊಂದು ದಿನ ಪ್ರಶ್ನೆ ಇಡಿಸಿದಾಗ ಜೋಯಿಸರು ಮೊದಲು ಹೇಳುವುದೇ ಅದನ್ನು. ನೇಮದ ದಿನ ದೈವವೂ ನುಡಿಯಲ್ಲಿ ಮನೆಯವರ ಲೆಕ್ಕ ಕೇಳುತ್ತದೆ: ಹೇಳಿದ ಮಾತು ನಡೆಸಿಕೊಟ್ಟಿರೇ? ಕಾಪಾಡುವವನನ್ನೂ ನೋಡಿಕೊಳ್ಳಬೇಕು ಎಂಬ ಕರಾರು ಈ ಆರಾಧನೆಯ ಒಳಗೇ ಇದೆ. ಆ ಕರಾರು ಗೊತ್ತಿದ್ದವರು ಕಾರಿನ ಗಾಜಿಗೆ ಅಜ್ಜನನ್ನು ಅಂಟಿಸಿ ಚಕ್ರದ ಕಡೆ ತಿರುಗಿ ನೋಡದಿರುವುದು ದೈವದ ರೀತಿಗೇ ಹೊಂದುವುದಿಲ್ಲ.

ಕೊರಗಜ್ಜನ ಹೆಸರು ಬಂದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ದೈವವಾಗುವ ಮೊದಲು ಆತ ಕೊರಗ ಸಮುದಾಯದ ಹುಡುಗ ತನಿಯ. ಅದೇ ಸಮುದಾಯವನ್ನು ಹೀನಾಯವಾಗಿ ದುಡಿಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ನಿಲ್ಲಿಸಲು ಕರ್ನಾಟಕ 2000ದಲ್ಲಿ ಪ್ರತ್ಯೇಕ ಕಾಯಿದೆಯನ್ನೇ ತರಬೇಕಾಯಿತು. ಅಜ್ಜನಿಂದ ರಕ್ಷಣೆ ಬಯಸುವ ಪ್ರತಿ ಗಾಡಿಯ ಹಿಂದೆಯೂ ಈ ನೆನಪು ಇರಬೇಕು.

ಆಯುಧಪೂಜೆಯನ್ನು ಹಗುರವಾಗಿ ಕಾಣುವುದೂ ಸರಿಯಲ್ಲ. ಅನ್ನ ಕೊಡುವ ಉಪಕರಣದ ಮುಂದೆ ವರ್ಷಕ್ಕೊಮ್ಮೆ ತಲೆಬಾಗುವುದು ದೊಡ್ಡ ಸಂಸ್ಕೃತಿ. ನೊಗ ನೇಗಿಲು ತೊಳೆದಿಡುತ್ತಿದ್ದ ಮನೆಯಲ್ಲಿ ಈಗ ಕಾರಿನ ಚಕ್ರದ ಸಂದಿಯ ಕೆಸರು ತೊಳೆಯುತ್ತಾರೆ, ಬಾನೆಟ್ ಎತ್ತಿ ಕುಂಕುಮ ಹಚ್ಚುತ್ತಾರೆ. ಎಷ್ಟೋ ಮಾಲೀಕರು ತಮ್ಮ ಕಾರಿನ ಎಂಜಿನ್ನನ್ನು ಹತ್ತಿರದಿಂದ ನೋಡುವುದು ಆ ಒಂದೇ ದಿನ. ಅದೇ ಹಬ್ಬದಂದು ನಡುರಸ್ತೆಯಲ್ಲಿ ಒಡೆದ ಬೂದುಗುಂಬಳದ ತಿರುಳಿನ ಮೇಲೆ ಬೈಕುಗಳು ಜಾರಿ ಬೀಳುತ್ತವೆ. ಹಾಗೆ ಮಾಡಬೇಡಿ ಎಂದು ಪೊಲೀಸರು ಮತ್ತೆ ಮತ್ತೆ ವಿನಂತಿಸುತ್ತಾರೆ. ತನ್ನ ಗಾಡಿಗೆ ದೃಷ್ಟಿ ತಾಗದಿರಲಿ ಎಂದು ಒಡೆದ ಕಾಯಿ ಗುರುತಿಲ್ಲದ ಯಾರದೋ ಮೂಳೆ ಮುರಿಯುತ್ತದೆ. ಪೂಜೆ ಎಲ್ಲಿ ದಾರಿ ತಪ್ಪುತ್ತದೆ ಎಂಬುದು ಇಲ್ಲಿ ಸ್ಪಷ್ಟ. ಮಾಡುವವನ ಮನಸ್ಸಿನಲ್ಲಿ ತಾನಿದ್ದಾನೆ, ತನ್ನ ಗಾಡಿಯಿದೆ. ರಸ್ತೆಯಲ್ಲಿ ಬರುವ ಇನ್ನೊಬ್ಬನಿಲ್ಲ.

ಆ ಇನ್ನೊಬ್ಬನನ್ನು ಧರ್ಮದ ನಡುವಿಗೆ ತಂದು ನಿಲ್ಲಿಸಿದವರಲ್ಲಿ ಜೈನ ಆಚಾರ್ಯರಷ್ಟು ಖಚಿತವಾಗಿ ಮಾತಾಡಿದವರು ಕಡಿಮೆ. ಈ ಊರಿಗೆ ಅವರು ಹೊರಗಿನವರೂ ಅಲ್ಲ. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಜೈನರಾದ ಚೌಟ ಅರಸು ಮನೆತನದವಳು. ಅದೇ ಪರಂಪರೆಯ ಮೂಲಗ್ರಂಥ ತತ್ತ್ವಾರ್ಥಸೂತ್ರ. ಅದರ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾತಿ ಹಿಂಸೆಯನ್ನು ವಿವರಿಸುವಾಗ ಕೊಲ್ಲುವ ಉದ್ದೇಶವನ್ನು ಮುಂದಿಡುವುದಿಲ್ಲ, ಪ್ರಮಾದವನ್ನು ಮುಂದಿಡುತ್ತಾನೆ. ಎಚ್ಚರಗೇಡಿ ನಡತೆಯಿಂದ ಪ್ರಾಣಕ್ಕೆ ಆಗುವ ಹಾನಿಯೇ ಹಿಂಸೆ. ತೀರ್ಥಹಳ್ಳಿ ಸಮೀಪದ ಕುಂದಾದ್ರಿಯೊಂದಿಗೆ ಐತಿಹ್ಯ ಜೋಡಿಸುವ ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಎದುರಿನ ಜೀವಿ ಸಾಯಲಿ, ಬದುಕಲಿ, ಅಜಾಗರೂಕತೆಯಿಂದ ನಡೆದವನಿಗೆ ಹಿಂಸೆಯ ದೋಷ ತಪ್ಪದು. ಪೂರ್ತಿ ಎಚ್ಚರದಿಂದ ನಡೆದವನ ಕಾಲಡಿ ಆಕಸ್ಮಿಕವಾಗಿ ಜೀವಹಾನಿಯಾದರೆ ಅಷ್ಟರಿಂದಲೇ ಅವನಿಗೆ ಕರ್ಮ ಅಂಟದು.

ಈ ಮಾತನ್ನು ಚಾರ್ಮಾಡಿ ಘಾಟಿಗೆ ತಂದು ನೋಡಬೇಕು. ಕಾರಿನ ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ದ್ರವ. ಸಾಮಾನ್ಯವಾಗಿ ಬಳಸುವ ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಸುಮಾರು ಶೇ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ, ಮಳೆಯಿಲ್ಲದ ತಿಂಗಳಲ್ಲೂ ಗಾಳಿ ಅಂಟುವ ಈ ಕರಾವಳಿಯಲ್ಲಿ ತೇವಕ್ಕೆ ಬರವಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆಂದು ತಯಾರಕರು ಹೇಳುವುದು ಇದಕ್ಕೇ. ಬದಲಿಸದೆ ಐದಾರು ವರ್ಷ ಓಡಿಸಿದರೂ ತೊಕ್ಕೊಟ್ಟಿನಿಂದ ಪಂಪ್‌ವೆಲ್‌ಗೆ ಹೋಗಿ ಬರುವಾಗ ಏನೂ ತಿಳಿಯದು. ಚಿಕ್ಕಮಗಳೂರಿಗೆ ಪ್ರವಾಸ ಹೋದ ಸಂಸಾರ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು ಹೇರಿಕೊಂಡು ಚಾರ್ಮಾಡಿ ತಿರುವುಗಳಲ್ಲಿ ಬ್ರೇಕ್ ಒತ್ತುತ್ತಲೇ ಇಳಿಯುವಾಗ ಪ್ಯಾಡುಗಳು ಕಾಯುತ್ತವೆ, ಆ ಬಿಸಿಗೆ ಆಯಿಲ್‌ನಲ್ಲಿ ಸೇರಿದ ನೀರು ಆವಿಯಾಗುತ್ತದೆ. ದ್ರವವನ್ನು ಒತ್ತಿದರೆ ಒತ್ತಡ ಚಕ್ರಕ್ಕೆ ತಲುಪುತ್ತದೆ, ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ ಅಷ್ಟೆ. ಪೆಡಲ್ ಪೊಳ್ಳಾಗಿ ಕೆಳಗಿಳಿಯುತ್ತದೆ.

ಅದೃಷ್ಟಕ್ಕೆ ಎದುರು ಲಾರಿ ಬರಲಿಲ್ಲ, ಕೈಬ್ರೇಕ್ ಎಳೆದು, ಗೇರ್ ಇಳಿಸಿ ಕಾರು ನಿಂತಿತು ಎಂದುಕೊಳ್ಳೋಣ. ಮನೆಯವರು ದೇವರು ಕಾಪಾಡಿದ ಎನ್ನುತ್ತಾರೆ. ಕುಂದಕುಂದರ ಪ್ರಕಾರ ಹಿಂಸೆ ಅಲ್ಲಿ ಆಗಿಹೋಗಿದೆ. ಆಯಿಲ್ ಬದಲಿಸುವುದನ್ನು ಮುಂದಿನ ಸರ್ವೀಸಿಗೆ ನೋಡೋಣ ಎಂದು ಹೇಳಿ ಬಂದ ದಿನವೇ ಆಗಿದೆ. ಈ ತೀರ್ಪು ಕಠಿಣ. ಆದರೂ ಇದರಲ್ಲಿ ದೊಡ್ಡ ಕರುಣೆಯಿದೆ, ಏಕೆಂದರೆ ಅಪಘಾತ ನಡೆಯುವ ಮೊದಲೇ ಅದು ಇನ್ನೊಬ್ಬನ ಪರ ನಿಲ್ಲುತ್ತದೆ. ಭಾರತದ ರಸ್ತೆಗಳಲ್ಲಿ 2022ರಲ್ಲಿ ಸತ್ತವರು 1,68,491 ಮಂದಿ. ಹೆಚ್ಚಿನ ಸಾವಿಗೆ ಅತಿವೇಗವೇ ಕಾರಣವೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ವೇಗವೂ ಪ್ರಮಾದವೇ, ಆದರೆ ಅದು ಕಣ್ಣಿಗೆ ಕಾಣುವ ಪ್ರಮಾದ. ತೇವ ಹೀರಿದ ಆಯಿಲ್ ಕಾಣುವುದಿಲ್ಲ, ಸವೆದ ಟಯರ್ ಕಂಡರೂ ಲೆಕ್ಕಕ್ಕೆ ಬರುವುದಿಲ್ಲ. ಟಯರಿನ ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದೆಂದು ನಿಯಮ. ಜೂನ್ ತಿಂಗಳ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನಿಂತ ನೀರನ್ನು ಬದಿಗೆ ತಳ್ಳುವುದು ಆ ಗೆರೆಗಳೇ. ಅವು ಸವೆದರೆ ಕಾರು ನೀರಿನ ಪದರದ ಮೇಲೆ ತೇಲುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಚಕ್ರ ಕೇಳುವುದಿಲ್ಲ.

ದೇಶದ ಕಾನೂನು ಕೂಡ ಇದೇ ದಿಕ್ಕಿನಲ್ಲಿ ಯೋಚಿಸಿದೆ. 1988ರ ಮೋಟಾರು ವಾಹನ ಕಾಯಿದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು. ಸ್ವಂತ ಕಾರಿಗೆ ಆಗುವ ನಷ್ಟಕ್ಕೆ ವಿಮೆ ಮಾಡಿಸುವುದು, ಬಿಡುವುದು ಮಾಲೀಕನ ಇಷ್ಟ. ಮುಖಪರಿಚಯವಿಲ್ಲದ ದಾರಿಹೋಕನಿಗೆ ಮಾತ್ರ ಉತ್ತರ ಹೇಳಲೇಬೇಕು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದೂ ಜೈನರ ಕಡೆಯಿಂದಲೇ. ಕಾರಿನ ಮೇಲೆ ಇಷ್ಟೊಂದು ಗಮನ ಇಡುವುದು ಮೋಹವಲ್ಲವೇ? ದಿಗಂಬರ ಮುನಿ ವಾಹನ ಹತ್ತುವುದಿಲ್ಲ, ಕಾರ್ಕಳಕ್ಕಾಗಲಿ ಶ್ರವಣಬೆಳಗೊಳಕ್ಕಾಗಲಿ ನಡೆದೇ ಹೋಗುತ್ತಾನೆ. ಮುನಿಗಳ ಆಚಾರಗ್ರಂಥ ಮೂಲಾಚಾರ ಎಣಿಸುವ ಹತ್ತು ಬಾಹ್ಯ ಪರಿಗ್ರಹಗಳಲ್ಲಿ ಹೊಲ, ಮನೆ, ಧನ, ಧಾನ್ಯಗಳ ಜೊತೆ ವಾಹನವೂ ಸೇರಿದೆ. ಎತ್ತಿನ ಬಂಡಿಯ ಕಾಲದಲ್ಲೇ ವಾಹನ ಮನುಷ್ಯನನ್ನು ಕಟ್ಟಿಹಾಕುವ ವಸ್ತುವೆಂದು ಜೈನ ಆಚಾರ್ಯರಿಗೆ ಗೊತ್ತಿತ್ತು. ಗೃಹಸ್ಥನಿಗೆ ಅವರು ಕೊಟ್ಟದ್ದು ಪೂರ್ತಿ ಬಿಡುವ ವ್ರತವಲ್ಲ, ಇಷ್ಟು ಸಾಕು ಎಂದು ಮಿತಿ ಹಾಕಿಕೊಳ್ಳುವ ವ್ರತ. ಇನ್ನೂ ಓಡುವ ಕಾರನ್ನು ಚೆನ್ನಾಗಿಟ್ಟುಕೊಂಡು, ಹೊಸ ಮಾದರಿ ಬಂದಾಗಲೆಲ್ಲ ಬದಲಿಸದೆ ಹದಿನೈದು ವರ್ಷ ಉಳಿಸಿಕೊಳ್ಳುವ ಸಂಸಾರ ಆ ವ್ರತಕ್ಕೆ ಬಹಳ ಹತ್ತಿರದಲ್ಲಿದೆ.

ಅದೂ ಅಲ್ಲದೆ ಉಮಾಸ್ವಾತಿ ಪರಿಗ್ರಹವನ್ನು ವಸ್ತುವಿನಲ್ಲಿ ಕಾಣುವುದಿಲ್ಲ, ವಸ್ತುವಿನ ಮೇಲಿನ ಮೂರ್ಛೆಯಲ್ಲಿ, ಅಂದರೆ ಮೈಮರೆಸುವ ಮೋಹದಲ್ಲಿ, ಕಾಣುತ್ತಾನೆ. ಮೂರ್ಛೆ ಯಾವುದು, ಕಾಳಜಿ ಯಾವುದು ಎಂದು ಬೇರ್ಪಡಿಸುವುದು ಕಾರಿನ ವಿಷಯದಲ್ಲಿ ಕಷ್ಟವಲ್ಲ. ಬಾಗಿಲಿಗೆ ಗೀರು ಬಿದ್ದರೆ ರಸ್ತೆಯಲ್ಲೇ ಇಳಿದು ಆಟೋದವನ ಕೊರಳಪಟ್ಟಿ ಹಿಡಿಯುವವನು, ತಿಂಗಳುಗಟ್ಟಲೆ ಬ್ರೇಕ್ ಕಿರ್ರ್ ಎನ್ನುತ್ತಿದ್ದರೂ ಹಾಡಿನ ಶಬ್ದ ಜಾಸ್ತಿ ಮಾಡಿ ಓಡಿಸುತ್ತಾನೆ. ಗೀರು ತನ್ನ ಅಂದಕ್ಕೆ ಬಿದ್ದ ಪೆಟ್ಟು, ಬ್ರೇಕ್ ಪರರ ಪ್ರಾಣದ ಸಂಗತಿ. ಮೋಹ ಬಣ್ಣದ ಮೇಲೆ ನಿಲ್ಲುತ್ತದೆ, ಕಾಳಜಿ ಗಾಡಿಯ ಅಡಿಗೆ ಬಗ್ಗಿ ನೋಡುತ್ತದೆ. ಏನೂ ಇಲ್ಲದ ದಿಗಂಬರ ಮುನಿಗೂ ನವಿಲುಗರಿಯ ಪಿಂಛಿ, ನೀರಿನ ಕಮಂಡಲು, ಶಾಸ್ತ್ರಗ್ರಂಥ ಇರುತ್ತವೆ. ಅವನ್ನು ಎತ್ತುವಾಗ, ಇಡುವಾಗ ಯಾವ ಜೀವಕ್ಕೂ ನೋವಾಗದಂತೆ ನೋಡಿ ನಡೆಯಬೇಕೆಂಬುದು ಸಮಿತಿಗಳೆಂಬ ಅವನ ಐದು ಎಚ್ಚರದ ನಿಯಮಗಳಲ್ಲಿ ಒಂದು. ಎಲ್ಲವನ್ನೂ ಬಿಟ್ಟವನಿಗೇ ತಪ್ಪದ ಈ ಎಚ್ಚರದಿಂದ ಸಾವಿರ ಕಿಲೋ ಮೀರಿದ ಲೋಹವನ್ನು ಹೆದ್ದಾರಿಗೆ ಇಳಿಸುವ ಗೃಹಸ್ಥನಿಗೆ ವಿನಾಯಿತಿ ಎಲ್ಲಿಂದ ಬರಬೇಕು?

ಇದೇ ಎಚ್ಚರವನ್ನು ಉಳಿದ ಧರ್ಮಗಳೂ ಕೇಳುತ್ತವೆ. ಪ್ರವಾದಿ ಮುಹಮ್ಮದರನ್ನು ಒಬ್ಬ ಕೇಳಿದ ಪ್ರಸಂಗ ತಿರ್ಮಿದಿ ಹದೀಸ್ ಸಂಗ್ರಹದಲ್ಲಿದೆ: ಒಂಟೆಯನ್ನು ಕಟ್ಟಿ ಅಲ್ಲಾಹನ ಮೇಲೆ ಭರವಸೆ ಇಡಲೇ, ಬಿಟ್ಟು ಇಡಲೇ? ಕಟ್ಟಿ ಭರವಸೆ ಇಡು ಎಂಬುದೇ ಉತ್ತರ. ಉಳ್ಳಾಲದ ಕಡೆಯ ಎಷ್ಟೋ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿರುವ ಪ್ರಯಾಣದ ದುಆ ಕೂಡ ಇದನ್ನು ನಮ್ರತೆಯ ಕಡೆಯಿಂದ ಹೇಳುತ್ತದೆ. ಈ ಸವಾರಿಯನ್ನು ನಮ್ಮ ಸ್ವಂತ ಬಲದಿಂದ ಅಂಕೆಯಲ್ಲಿಡಲು ಆಗುತ್ತಿರಲಿಲ್ಲ ಎಂಬ ಒಪ್ಪಿಗೆ ಅದರಲ್ಲಿದೆ. ರೋಮನ್ ಕ್ಯಾಥೋಲಿಕ್ ಸಭೆ 1984ರಲ್ಲಿ ಹೊರತಂದ ಆಶೀರ್ವಾದಗಳ ಪುಸ್ತಕದಲ್ಲಿ ವಾಹನಗಳಿಗೆಂದೇ ಒಂದು ವಿಧಿಯಿದೆ. ತೊಕ್ಕೊಟ್ಟಿನ ಪೆರ್ಮನ್ನೂರು ಚರ್ಚಿನಂಥ ಕಡೆ ಗುರುಗಳು ಹೊಸ ಕಾರಿನ ಮೇಲೆ ತೀರ್ಥ ಚಿಮುಕಿಸುವುದು ಆ ಸಂಪ್ರದಾಯದಲ್ಲೇ. ಎಲ್ಲಿಯೂ ದೇವರು ಚಾಲಕನ ಬದಲು ಬ್ರೇಕ್ ಒತ್ತುವ ಭರವಸೆ ಕೊಟ್ಟಿಲ್ಲ.

ಬೌದ್ಧರ ಪ್ರಶ್ನೆ ಸ್ವಲ್ಪ ಬೇರೆ, ಗ್ಯಾರೇಜಿಗೆ ಅದು ಇನ್ನೂ ಹತ್ತಿರ. ಮಿಲಿಂದಪನ್ಹ ಎಂಬ ಗ್ರಂಥದಲ್ಲಿ ಭಿಕ್ಷು ನಾಗಸೇನ ಗ್ರೀಕ್ ದೊರೆ ಮಿಲಿಂದನನ್ನು ಕೇಳುತ್ತಾನೆ: ನೀನು ಬಂದ ರಥ ಯಾವುದು? ಅಚ್ಚು ರಥವೇ, ಚಕ್ರ ರಥವೇ, ನೊಗ ರಥವೇ? ಯಾವ ಭಾಗವೂ ರಥವಲ್ಲ; ಭಾಗಗಳು ಕೂಡಿದಾಗ ವ್ಯವಹಾರಕ್ಕೆ ಇಟ್ಟ ಹೆಸರು ರಥ. ಈ ಚಿಂತನೆ ಮಂಗಳೂರಿಗೆ ಅಪರಿಚಿತವಲ್ಲ. ಕದ್ರಿಯಲ್ಲಿ ಆಳುಪ ದೊರೆ ಕುಂದವರ್ಮ 968ರಲ್ಲಿ ಪ್ರತಿಷ್ಠೆ ಮಾಡಿಸಿದ ಲೋಕೇಶ್ವರನ ಕಂಚಿನ ಮೂರ್ತಿ ಇಂದಿಗೂ ಇದೆ. ತೊಕ್ಕೊಟ್ಟಿನ ಹಳೆಯ ಸೆಡಾನ್ ನಾಗಸೇನನ ಮಾತಿಗೆ ಚಲಿಸುವ ಸಾಕ್ಷಿ. ಕ್ಲಚ್ ಬದಲಾಗಿದೆ, ಶಾಕ್ ಅಬ್ಸಾರ್ಬರ್, ಬ್ಯಾಟರಿ, ರೇಡಿಯೇಟರ್, ಟಯರುಗಳು ಬದಲಾಗಿವೆ. ಸೋಮೇಶ್ವರದ ಕಡಲಿನ ಉಪ್ಪುಗಾಳಿ ತಿಂದ ಅಡಿಭಾಗಕ್ಕೆ ವೆಲ್ಡಿಂಗ್ ಆಗಿದೆ. ಉಳಿದ ಹಳೆಯದೆಂದರೆ ಚಾಸಿ ನಂಬರು ಮತ್ತು ಹೆಸರು. ಹಾಗಾದರೆ ಕೈಕೊಡದ ಗುಣ ಎಲ್ಲಿತ್ತು? ಅದು ಯಾವ ಭಾಗದಲ್ಲೂ ಇರಲಿಲ್ಲ. ಸಮಯಕ್ಕೆ ಬಿದ್ದ ಎಂಜಿನ್ ಆಯಿಲ್, ಶಬ್ದ ಕೇಳಿಯೇ ಬೇರಿಂಗ್ ಹೋಗಿದೆ ಎನ್ನುವ ಮೆಕ್ಯಾನಿಕ್, ಕೂಲಂಟ್ ಮಟ್ಟ ನೋಡಿ ಹೊರಡುವ ಮಾಲೀಕ, ಇವೆಲ್ಲ ಕೂಡಿದಾಗ ಹುಟ್ಟಿದ್ದು ಅದು. ಕೂಡುವುದು ನಿಂತರೆ ಗುಣವೂ ಹೋಗುತ್ತದೆ. ಗಲ್ಫಿನಲ್ಲಿರುವ ಮಗ ರಜೆಗೆ ಬಂದಾಗ ಇರಲಿ ಎಂದು ವರ್ಷದಲ್ಲಿ ಹನ್ನೊಂದು ತಿಂಗಳು ಶೆಡ್ಡಿನಲ್ಲಿ ನಿಲ್ಲಿಸಿದ ಕಾರಿನ ಪಾಡು ಎಲ್ಲರಿಗೂ ಗೊತ್ತು: ಬ್ಯಾಟರಿ ಸತ್ತಿರುತ್ತದೆ, ಟಯರ್ ಒಂದೇ ಮಗ್ಗುಲಲ್ಲಿ ಚಪ್ಪಟೆಯಾಗಿರುತ್ತದೆ, ಇಲಿ ವೈರು ಕಡಿದಿರುತ್ತದೆ.

ಕಾಪಾಡಲೆಂದೇ ಇಟ್ಟ ಭಾಗವೂ ಎಚ್ಚರ ತಪ್ಪಿದರೆ ತಿರುಗಿಬೀಳುತ್ತದೆ ಎಂಬುದಕ್ಕೆ ಟಕಾಟಾ ಏರ್‌ಬ್ಯಾಗಿನ ಪ್ರಕರಣಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಜಪಾನಿನ ಆ ಕಂಪನಿಯ ಏರ್‌ಬ್ಯಾಗನ್ನು ಉಬ್ಬಿಸುವ ಡಬ್ಬಿಯಲ್ಲಿ ಅಮೋನಿಯಂ ನೈಟ್ರೇಟ್ ಇತ್ತು. ವರ್ಷಗಟ್ಟಲೆ ಸೆಖೆ ಮತ್ತು ತೇವ ತಾಗಿ ಅದು ಕೆಡುತ್ತದೆ. ಡಿಕ್ಕಿಯಾದಾಗ ಡಬ್ಬಿಯೇ ಸಿಡಿದು ಲೋಹದ ಚೂರುಗಳು ಚಾಲಕನ ಮುಖಕ್ಕೆ ಹಾರುತ್ತವೆ. ಪ್ರಪಂಚದಾದ್ಯಂತ ಹಲವು ತಯಾರಕರ ಕೋಟಿಗಟ್ಟಲೆ ಕಾರುಗಳನ್ನು ವಾಪಸ್ ಕರೆಯಲಾಯಿತು, 2017ರಲ್ಲಿ ಟಕಾಟಾ ದಿವಾಳಿಯಾಯಿತು. ಭಾರತದಲ್ಲೂ ಹೋಂಡಾ ಸಿಟಿ, ಟೊಯೋಟಾ ಕೊರೊಲಾಗಳ ಹಳೆಯ ಮಾದರಿಗಳು ಆ ಪಟ್ಟಿಯಲ್ಲಿದ್ದವು, ಭಾಗವನ್ನು ಉಚಿತವಾಗಿ ಬದಲಿಸಿ ಕೊಡುವ ವ್ಯವಸ್ಥೆಯಾಯಿತು. ಸೆಖೆ ಮತ್ತು ತೇವ ಎರಡೂ ಒಟ್ಟಿಗಿರುವ ಕರಾವಳಿಯಂಥ ಪ್ರದೇಶದಲ್ಲೇ ಈ ಅಪಾಯ ಹೆಚ್ಚು. ಮೂರನೆಯ ನಾಲ್ಕನೆಯ ಕೈಗೆ ಬಂದ ಕಾರಿನ ಮಾಲೀಕನಿಗೆ ಕಂಪನಿಯ ಪತ್ರ ತಲುಪದೆ ಹೋಗುವುದು ಸುಲಭ. ಚಾಸಿ ನಂಬರು ಕೊಟ್ಟು ವಿಚಾರಿಸುವ ಕೆಲಸ ಅವನದೇ.

ಕೊನೆಗೆ ಬಿಡುವ ವಿಷಯ. ಮುನಿಯ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ: ತ್ಯಜಿಸುವಾಗಲೂ ಜೀವವಿಲ್ಲದ ಸ್ಥಳ ನೋಡಿ ತ್ಯಜಿಸಬೇಕು. ಸಂಸಾರಿಯ ಕಾರಿನಲ್ಲಿ ಇದು ಕಪ್ಪಾದ ಎಂಜಿನ್ ಆಯಿಲಿನಿಂದಲೇ ಆರಂಭವಾಗುತ್ತದೆ. ಮಧ್ಯಮ ಗಾತ್ರದ ಪೆಟ್ರೋಲ್ ಸೆಡಾನಿನಿಂದ ಒಂದು ಸರ್ವೀಸಿಗೆ ಮೂರೂವರೆ, ನಾಲ್ಕು ಲೀಟರು ಇಳಿಯುತ್ತದೆ. ಅದನ್ನು ಅಂಗಳದಲ್ಲೋ ಚರಂಡಿಗೋ ಸುರಿದರೆ ಮೊದಲ ಮಳೆಗೇ ತೋಡಿಗೆ, ಅಲ್ಲಿಂದ ನೇತ್ರಾವತಿಗೆ ಸೇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಆಯಿಲನ್ನು ಸುಮ್ಮನೆ ಚೆಲ್ಲುವ ವಸ್ತುವಾಗಿ ನೋಡುವುದಿಲ್ಲ, ಪರವಾನಗಿ ಇರುವ ಮರುಬಳಕೆದಾರರಿಗೇ ಅದು ಹೋಗಬೇಕು. ಗ್ಯಾರೇಜಿನಲ್ಲಿ ಬಿಲ್ ಕೊಡುವಾಗ ಹಳೆ ಆಯಿಲ್ ಎಲ್ಲಿಗೆ ಹೋಗುತ್ತದೆ ಎಂದು ಗ್ರಾಹಕರು ಕೇಳತೊಡಗಿದರೆ ಉತ್ತರವೂ ಬದಲಾಗತೊಡಗುತ್ತದೆ.

ಕಾರನ್ನೇ ಮಾರುವಾಗ ಪ್ರಮಾದಕ್ಕೆ ಇನ್ನೂ ದೊಡ್ಡ ಬೆಲೆಯಿದೆ. ದುಡ್ಡು ಎಣಿಸಿಕೊಂಡು ಕೀಲಿ ಕೊಟ್ಟ ಕೂಡಲೇ ಸಂಬಂಧ ಮುಗಿಯಿತೆಂದು ಜನ ತಿಳಿಯುತ್ತಾರೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣದಲ್ಲಿ ಕಾರು ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು, ಆರ್‌ಸಿ ಮಾತ್ರ ಮೊದಲಿನವರ ಹೆಸರಿನಲ್ಲೇ ಉಳಿದಿತ್ತು. ಕೊನೆಯ ಕೈಯಲ್ಲಿದ್ದಾಗ ಅಪಘಾತವಾಗಿ ಜೀವ ಹೋಯಿತು. ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು ನ್ಯಾಯಾಲಯ ಹೇಳಿತು. ನೊಂದವರು ಒಬ್ಬೊಬ್ಬ ಖರೀದಿದಾರನನ್ನೂ ಹುಡುಕುತ್ತ ಅಲೆಯಬೇಕಾಗಿಲ್ಲ ಎಂಬುದು ಅದರ ತರ್ಕ. ಹೆಸರು ಇರುವವರೆಗೆ ಋಣ ಹರಿಯುವುದಿಲ್ಲ ಎಂದು ಹಿರಿಯರು ನಂಬಿದ್ದಕ್ಕೂ ಈ ತರ್ಕಕ್ಕೂ ದೂರವಿಲ್ಲ. ಆದ್ದರಿಂದ ತೊಕ್ಕೊಟ್ಟಿನಲ್ಲಿ ಹಳೆಯ ಸೆಡಾನ್ ಮಾರುವ ಸಂಸಾರ ಬ್ರೇಕ್, ಟಯರ್, ಏರ್‌ಬ್ಯಾಗಿನ ಸ್ಥಿತಿಯನ್ನು ಕೊಳ್ಳುವವರಿಗೆ ಮುಚ್ಚಿಡದೆ ಹೇಳಬೇಕು, ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ ಮಂಗಳೂರಿನ ಆರ್‌ಟಿಒಗೆ ತಲುಪಿಸಬೇಕು, ಹೊಸ ಹೆಸರು ದಾಖಲೆಯಲ್ಲಿ ಬಂದಿದೆಯೇ ಎಂದು ಮತ್ತೊಮ್ಮೆ ನೋಡಿಕೊಳ್ಳಬೇಕು. ಗಾಜಿನ ಮೇಲಿನ ಅಜ್ಜನನ್ನು ಬಿಡಿಸುವುದು, ಬಿಡುವುದು ಕೊಳ್ಳುವವರ ಇಷ್ಟ.